ಗೆಳೆಯಾ, ರಾಜೀನಾಮೆ ಪತ್ರ ಸದ್ಯಕ್ಕೆ ಜೇಬಲ್ಲೇ ಇರಲಿ

(ನನ್ನ ಗೆಳೆಯನೊಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷ, ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದಾನೆ. ಅವನಿಗೆ ಬರೆದ ಪತ್ರ ಇದು. ಅವನ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು ಇಲ್ಲಿ ಹಾಕುತ್ತಿದ್ದೇನೆ. ಇಂಥದೇ ಪ್ರಶ್ನೆ ಇಟ್ಟುಕೊಂಡವರು ಬೇರೆಯವರೂ ಇರಬಹುದು.)

ಪ್ರೀತಿಯ ಗೆಳೆಯಾ,

"ಮಾತ್ರೆ ತಿನ್ನೋನು ಅಧ್ಯಕ್ಷಗಿರಿ ಮಾಡಬಹುದೇನೋ? ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಹೋಗಿ ರಾಜೀನಾಮೆ ಕೊಟ್ಟುಬಿಡ್ಲಾ?" ಅಂತ ಮೊನ್ನೆ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟು ಮುಗಿಸುವುದು ಬೇಡ ಅನ್ನಿಸಿತು. ಉದ್ದವಾದರೂ ಪೂರ್ತಿ ಓದು.

ಮೊದಲು ಆ ಸಭೆಯ ಮಾತು. ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯ ಎದ್ದು "ಅಧ್ಯಕ್ಷರನ್ನ ನಿಮ್ಹಾನ್ಸ್‌ಗೆ ಸೇರಿಸಿ" ಅಂದನಂತೆ, ಉಳಿದವರು ನಕ್ಕರಂತೆ. ಅವನೇನು ಹೊಸ ಬೈಗುಳ ಹುಟ್ಟಿಸಿಲ್ಲ. ನಮ್ಮ ರಾಜ್ಯದ ದೊಡ್ಡ ನಾಯಕರು ಪಕ್ಷಭೇದವಿಲ್ಲದೆ ಮೈಕ್ ಮುಂದೆ ಒಬ್ಬರಿಗೊಬ್ಬರು ಹೇಳಿಕೊಂಡು ಬಂದ ಮಾತೇ ಅದು. ಅದೇ ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆ ಹೊತ್ತಿಗೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಹೊರಗಿನ ಲೆಕ್ಕ ಒಳಗೂ ಹೊಂದುವುದಾದರೆ ಇಪ್ಪತ್ತಕ್ಕೂ ಹೆಚ್ಚು ಜನ ಮಾತ್ರೆ ನುಂಗುತ್ತಲೋ ನುಂಗದೆಯೋ ಅಲ್ಲಿ ಕೂತಿರಬೇಕು. ಅವರಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ನೆನಪಿದೆಯಾ?

ಹೇಳಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಥಾಮಸ್ ಈಗಲ್ಟನ್ ಕಥೆ ಇದೆ. ಮಿಸ್ಸೌರಿ ರಾಜ್ಯದ ಸೆನೆಟರ್. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಇವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡರು. ಕೆಲವೇ ದಿನಗಳಲ್ಲಿ ಗುಟ್ಟು ರಟ್ಟಾಯಿತು: 1960ರಿಂದ 1966ರ ನಡುವೆ ಖಿನ್ನತೆಗೆಂದು ಮೂರು ಸಲ ಆಸ್ಪತ್ರೆ ಸೇರಿದ್ದರು, ಎರಡು ಸಲ ಕರೆಂಟ್ ಶಾಕ್ ಚಿಕಿತ್ಸೆ ಆಗಿತ್ತು. ಜುಲೈ 25ರಂದು ಅವರೇ ಪತ್ರಕರ್ತರ ಮುಂದೆ ಒಪ್ಪಿಕೊಂಡರು. "ಸಾವಿರಕ್ಕೆ ಸಾವಿರ ಪಾಲು ನಿನ್ನ ಜೊತೆಗಿದ್ದೇನೆ" ಎಂಬರ್ಥದ ಮಾತಾಡಿದ ಮೆಕ್‌ಗವರ್ನ್ ವಾರ ಕಳೆಯುವುದರೊಳಗೆ ಕೈಬಿಟ್ಟರು. ಜುಲೈ 31ಕ್ಕೆ ಈಗಲ್ಟನ್ ಕಣದಿಂದ ಹೊರಗೆ.

ಆಮೇಲಿನದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮಿಸ್ಸೌರಿಯ ಜನ 1974ರಲ್ಲಿ ಅದೇ ಈಗಲ್ಟನ್‌ರನ್ನು ಮತ್ತೆ ಗೆಲ್ಲಿಸಿದರು, 1980ರಲ್ಲಿ ಇನ್ನೊಮ್ಮೆ. 1987ರವರೆಗೆ ಸೆನೆಟ್‌ನಲ್ಲಿದ್ದರು. ಕಾಂಬೋಡಿಯಾದ ಮೇಲೆ ಬಾಂಬ್ ಹಾಕುವುದಕ್ಕೆ ದುಡ್ಡು ಕೊಡಬಾರದೆಂದು 1973ರಲ್ಲಿ ತಿದ್ದುಪಡಿ ತಂದವರೂ ಅವರೇ. ಇನ್ನು ಆ 1972ರ ಚುನಾವಣೆಯಲ್ಲಿ ಭರ್ಜರಿಯಾಗಿ ಗೆದ್ದ, ಯಾವ ಆಸ್ಪತ್ರೆಯ ಚೀಟಿಯೂ ಹೊರಬೀಳದ ನಿಕ್ಸನ್ ಎರಡೇ ವರ್ಷಕ್ಕೆ ವಾಟರ್‌ಗೇಟ್ ಹಗರಣದಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಯಾರ ತಲೆ ಸರಿಯಿತ್ತು ಅಂತ ನೀನೇ ಹೇಳು.

ಆದರೂ ಈಗಲ್ಟನ್ ಪರ ಪೂರ್ತಿ ವಾದ ಮಾಡಲಾರೆ. ಆರಿಸುವ ಹೊತ್ತಿನಲ್ಲಿ ಮೆಕ್‌ಗವರ್ನ್ ಕಡೆಯವರು ಹಿಂದಿನದೇನಾದರೂ ಇದೆಯಾ ಅಂತ ಕೇಳಿದಾಗ ಅವರು ಏನೂ ಇಲ್ಲ ಅಂದಿದ್ದರು. ಕಾಯಿಲೆಗಿಂತ ಅದನ್ನು ಮುಚ್ಚಿಟ್ಟದ್ದೇ ಅವರಿಗೆ ಮುಳುವಾಯಿತು ಅನ್ನುವುದು ನನ್ನ ಲೆಕ್ಕ.

ಕಾನೂನು ಏನನ್ನುತ್ತೆ ಅಂತಲೂ ನೀನು ಕೇಳಿದ್ದೆ. ಸಂವಿಧಾನದ 102 ಮತ್ತು 191ನೇ ವಿಧಿಗಳ ಪ್ರಕಾರ ಸಂಸದರಾಗಲಿ ಶಾಸಕರಾಗಲಿ ಸ್ಥಾನ ಕಳೆದುಕೊಳ್ಳಬೇಕಾದರೆ ಚಿತ್ತಸ್ವಾಸ್ಥ್ಯ ಇಲ್ಲವೆಂದು ಸಮರ್ಥ ನ್ಯಾಯಾಲಯ ಘೋಷಿಸಬೇಕು. ಡಾಕ್ಟರ ಚೀಟಿ ಸಾಲದು, ಪಕ್ಕದ ವಾರ್ಡಿನ ಸದಸ್ಯನ ಬಾಯಂತೂ ಸಾಲದೇ ಸಾಲದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೇ ಕಲಂನಲ್ಲೂ ಇದೇ ಇದೆ: ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಆ ಮನುಷ್ಯನಿಗೆ ಬುದ್ಧಿ ಸ್ಥಿಮಿತವಿಲ್ಲ ಅಂತ ಆಗುವುದಿಲ್ಲ. ನಿನ್ನ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹೊಣೆಯನ್ನೂ ಅದೇ ಕಾಯ್ದೆ ಡಾಕ್ಟರ ಮೇಲೆ ಹಾಕಿದೆ. ಬ್ರಿಟನ್‌ನಲ್ಲಿ ಮಾನಸಿಕ ಚಿಕಿತ್ಸೆಗೆಂದು ಆರು ತಿಂಗಳಿಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದ ಸಂಸದನ ಸ್ಥಾನ ಹೋಗುತ್ತಿತ್ತು. 2013ರಲ್ಲಿ ಅದನ್ನೂ ತೆಗೆದುಹಾಕಿದರು.

ಕಾನೂನು ಉಳಿಸಿತು ಅಂದ ಮೇಲೆ ಕುರ್ಚಿಯಲ್ಲಿ ಕೂತಿರಬಹುದು ಅಂತ ಆಯಿತಾ? ಅಷ್ಟು ಸುಲಭವಿಲ್ಲ. ಇದಕ್ಕೆ ನಾರ್ವೆಯ ಕಡೆ ನೋಡಬೇಕು. ಅಲ್ಲಿನ ಪ್ರಧಾನಿ ಶೆಲ್ ಮಾಗ್ನೆ ಬೊಂಡೆವಿಕ್, ಮೂಲತಃ ಪಾದ್ರಿ. 1998ರ ಆಗಸ್ಟ್ ಕೊನೆಯಲ್ಲಿ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಸಾಮಾನ್ಯವಾಗಿ ನಾಯಕರು ಇಂಥ ಹೊತ್ತಿನಲ್ಲಿ "ವಿಶ್ರಾಂತಿ", "ತಪಾಸಣೆ" ಅಂತ ಪ್ರಕಟಣೆ ಕೊಡುತ್ತಾರೆ. ಇವರು ಖಿನ್ನತೆ ಅಂತಲೇ ದೇಶಕ್ಕೆ ಹೇಳಿಸಿದರು, ಅಧಿಕಾರವನ್ನು ಸಂಪುಟದ ಸಹೋದ್ಯೋಗಿ ಆನ್ನೆ ಎಂಗರ್ ಲಾನ್‌ಸ್ಟೈನ್ ಕೈಗೊಪ್ಪಿಸಿದರು, ಮೂರು ವಾರಕ್ಕೂ ಮಿಕ್ಕಿ ರಜೆಯಲ್ಲಿದ್ದು ಮರಳಿ ಬಂದು ಕೂತರು. ಆ ಸರ್ಕಾರ ಮುಂದೆ 2000ದಲ್ಲಿ ಬಿತ್ತು, ನಿಜ. ಆದರೆ 2001ರಲ್ಲಿ ಅವರೇ ಮತ್ತೆ ಪ್ರಧಾನಿಯಾಗಿ ನಾಲ್ಕು ವರ್ಷ ಆಳಿದರು.

ನಮ್ಮಲ್ಲೂ ಇಂಥ ದಾರಿ ಇಲ್ಲದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಯಲಲಿತಾ ಆಸ್ಪತ್ರೆ ಸೇರಿದಾಗ ಅಕ್ಟೋಬರ್‌ನಲ್ಲಿ ರಾಜ್ಯಪಾಲರು ಅವರ ಖಾತೆಗಳನ್ನು ಪನ್ನೀರ್‌ಸೆಲ್ವಂ ಅವರಿಗೆ ಕೊಟ್ಟರು. ಮುಖ್ಯಮಂತ್ರಿಯಾಗಿ ಜಯಲಲಿತಾ ಅವರೇ ಮುಂದುವರಿದರು. ಗೋವಾದಲ್ಲಿ ಮನೋಹರ ಪರಿಕ್ಕರ್ ಮೂಗಿಗೆ ನಳಿಕೆ ಹಾಕಿಕೊಂಡೇ 2019ರ ಜನವರಿಯಲ್ಲಿ ಬಜೆಟ್ ಮಂಡಿಸಿದರು. ವಿರೋಧ ಪಕ್ಷ ರಾಜೀನಾಮೆ ಕೇಳಿತ್ತು, ಆದರೂ ಆ ಫೋಟೊ ನೋಡಿ ಎಷ್ಟು ಜನ ಕೈಮುಗಿದರು! ಖಿನ್ನತೆಗೆ ನಳಿಕೆ ಇಲ್ಲವಲ್ಲ, ಅದಕ್ಕೇ ಕೈಮುಗಿಯುವವರೂ ಇಲ್ಲ.

ಈಗ ನಿನ್ನ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ಸಹಿ ಒತ್ತುವ ಸಾಧನ) ವಿಷಯಕ್ಕೆ ಬರುತ್ತೇನೆ. ಮಾತಿನ ಮಧ್ಯೆ ಹಗುರವಾಗಿ ಹೇಳಿದೆ: ಎರಡು ತಿಂಗಳಿಂದ ನಿನ್ನ ಡಿಜಿಟಲ್ ಸಹಿಯ ಡಾಂಗಲ್ ಇನ್ನೊಬ್ಬ ಸದಸ್ಯನ ಹತ್ತಿರ ಇದೆ, ನರೇಗಾ ಬಿಲ್ಲುಗಳಿಗೆ ಅವನೇ ಒತ್ತುತ್ತಾನೆ, ನೀನು ಮಲಗಿದಲ್ಲಿಂದಲೇ "ಹೂಂ" ಅನ್ನುತ್ತೀಯ. ನನಗೆ ದಿಗಿಲಾದದ್ದು ನಿನ್ನ ಮಾತ್ರೆಗಲ್ಲ, ಇದಕ್ಕೆ. ಅಧ್ಯಕ್ಷೆಯ ಗಂಡ ಬಂದು ಕುರ್ಚಿಯಲ್ಲಿ ಕೂರುತ್ತಾನೆ ಅಂತ ಪಕ್ಕದ ಪಂಚಾಯಿತಿಯವರನ್ನು ನಾವಿಬ್ಬರೂ ಏನೆಲ್ಲ ಆಡಿಕೊಂಡಿದ್ದೆವು. ಇದು ಬೇರೆ ಏನು? ಅಧ್ಯಕ್ಷನಾಗಿ ಆರಿಸಿದ್ದು ನಿನ್ನನ್ನು. ನೀನು ಇಲ್ಲದಾಗ ಕೆಲಸ ನಡೆಸಬೇಕಾದವರು ಉಪಾಧ್ಯಕ್ಷೆ. ಆ ಮೂರನೆಯವನನ್ನು ಈ ಕುರ್ಚಿಗೆ ಯಾರೂ ಆರಿಸಿಲ್ಲ. ನಾಳೆ ಆಗದ ಚರಂಡಿಗೆ ಬಿಲ್ಲಾಗಿದ್ದರೆ ವಸೂಲಿ ನೋಟಿಸು ನಿನ್ನ ಹೆಸರಿಗೇ ಬರುವುದು.

ಯಾರು ಉಳಿಯಬೇಕು, ಯಾರು ಹೋಗಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಅಳತೆಗೋಲು ಇಷ್ಟೇ. ಸಹಿ ಯಾರದು, ಬುದ್ಧಿ ಯಾರದು, ಅವೆರಡೂ ಒಬ್ಬರದೇನಾ? ಕೆಲಸ ಮಾಡಲು ಆಗದ ದಿನಗಳಲ್ಲಿ ಎಲ್ಲರಿಗೂ ತಿಳಿಯುವಂತೆ ಬೇರೆಯವರಿಗೆ ಒಪ್ಪಿಸಿದ್ದಾರಾ? ಇಷ್ಟಿದ್ದರೆ ಕಾಯಿಲೆಯ ಹೆಸರು ಯಾವುದಾದರೂ ಇರಲಿ.

ಈ ಗೋಲು ಎಲ್ಲ ಕಡೆ ಸಲೀಸಾಗಿ ಹೊಂದುತ್ತದೆ ಅಂತ ಹೇಳುವುದಿಲ್ಲ. ಪೆನ್ಸಿಲ್ವೇನಿಯಾದ ಸೆನೆಟರ್ ಜಾನ್ ಫೆಟರ್‌ಮನ್ 2023ರ ಫೆಬ್ರುವರಿಯಲ್ಲಿ ತಾವಾಗಿಯೇ ಖಿನ್ನತೆಗೆ ಆಸ್ಪತ್ರೆ ಸೇರಿ, ಏಪ್ರಿಲ್‌ನಲ್ಲಿ ಸದನಕ್ಕೆ ಮರಳಿದಾಗ ಎಲ್ಲರೂ ಮೆಚ್ಚಿದರು. ಎರಡು ವರ್ಷದ ನಂತರ, ಅವರ ಕಚೇರಿಯ ಮಾಜಿ ಮುಖ್ಯಸ್ಥರೇ ಅವರ ಆರೋಗ್ಯದ ಬಗ್ಗೆ ಆತಂಕದಿಂದ ಡಾಕ್ಟರಿಗೆ ಬರೆದಿದ್ದ ಪತ್ರ ಪತ್ರಿಕೆಯಲ್ಲಿ ಬಂತು. ಫೆಟರ್‌ಮನ್ ಅದನ್ನು ತಳ್ಳಿಹಾಕಿದರು. ಅಂದರೆ ಒಮ್ಮೆ ಧೈರ್ಯವಾಗಿ ಹೇಳಿಕೊಂಡರೆ ಮುಗಿಯಲಿಲ್ಲ. ಕಾಯಿಲೆ ಬಂದು ಹೋಗಿ ಮಾಡುತ್ತದೆ, ಜನರ ಪ್ರಶ್ನೆಯೂ ಹಾಗೇ. ಅವರು ಸದನಕ್ಕೆ ಎಷ್ಟು ದಿನ ಬಂದರು, ಎಷ್ಟು ಮತ ತಪ್ಪಿಸಿದರು ಅಂತ ಕೇಳುವ ಹಕ್ಕು ಮತದಾರರಿಗಿದೆ. ಯಾವ ಮಾತ್ರೆ ಅಂತ ಕೇಳುವುದು ನನಗೆ ಹಿಡಿಸುವುದಿಲ್ಲ.

ಹಾಗಾಗಿ ಸೋಮವಾರ ಮೊದಲು ಡಾಂಗಲ್ ವಾಪಸ್ ತಗೊ. ಪಿಡಿಒ ಹತ್ತಿರ ಕೂತು ಈ ಎರಡು ತಿಂಗಳ ಬಿಲ್ಲುಗಳನ್ನೆಲ್ಲ ತೆಗೆಸಿ ನೋಡು. ಆಮೇಲೆ ಆರೋಗ್ಯ ಸರಿಯಿಲ್ಲ, ಇಷ್ಟು ದಿನ ಬರುವುದಿಲ್ಲ ಅಂತ ಬರೆದುಕೊಟ್ಟು ಉಪಾಧ್ಯಕ್ಷೆಗೆ ಚಾರ್ಜ್ ಒಪ್ಪಿಸು. ಖಿನ್ನತೆ ಅಂತ ಬರೆಯುವುದು ಬಿಡುವುದು ನಿನ್ನಿಷ್ಟ. ಅಷ್ಟು ದಿನ ಕಳೆದ ಮೇಲೂ ಫೈಲು ಓದಿದರೆ ತಲೆಗೆ ಹೋಗುತ್ತಿಲ್ಲ ಅನ್ನಿಸಿದರೆ ರಾಜೀನಾಮೆ ಮಾತಾಡೋಣ, ಆಗ ನಾನು ಬೇಡ ಅನ್ನುವುದಿಲ್ಲ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ನನಗೆ ಮಾಡು. ನಾನು ಎತ್ತದಿದ್ದರೆ 14416ಕ್ಕೆ ಮಾಡು, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರು ಮತ್ತೆ ಬಾ ಅಂದ ತಾರೀಖು ಯಾವುದು ಅಂತ ಮೆಸೇಜ್ ಹಾಕು. ರಜೆ ಹಾಕಬೇಕು, ನಾನೂ ಬರುತ್ತೇನೆ.

ಇಂತಿ ನಿನ್ನ ಗೆಳೆಯ