‘ಮರುಜೀವ’ ಎಂಬ ಪದಕ್ಕೆ ತಕರಾರು

ಮಾನ್ಯರೇ,

‘ನೂರಕ್ಕೆ ನೂರು ಮುಚ್ಚಿದ್ದ ರಕ್ತನಾಳಕ್ಕೆ ಸ್ಟೆಂಟ್: ರೋಗಿಗೆ ಮರುಜೀವ’ ಎಂಬ ಬಗೆಯ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಮುಚ್ಚಿದ ನಾಳವನ್ನು ತೆರೆದಿಡುವ ಅಂಥದೇ ಸಣ್ಣ ಜಾಲರಿ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಎದೆಯಲ್ಲಿ ಇಟ್ಟುಕೊಂಡಿರುವ ನನಗೆ ಈ ‘ಮರುಜೀವ’ದ ಬಗ್ಗೆ ತಕರಾರಿದೆ.

ಎರಡು ವರ್ಷಗಳ ಹಿಂದೆ ಕುಂದುವಾಡ ಕೆರೆ ಏರಿಯ ಮೇಲೆ ಸ್ವಲ್ಪ ಬಿರುಸಾಗಿ ನಡೆದರೂ ಎದೆ ಹಿಡಿದುಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಹಾಗೇ ದೂಡಿದೆ. ಕೊನೆಗೆ ಆಂಜಿಯೋಗ್ರಾಂ ಮಾಡಿಸಿದಾಗ ಹೃದಯದ ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿರುವುದು ಕಂಡಿತು. ‘ಇವತ್ತೇ ಹಾಕಿಸದಿದ್ದರೆ ಜೀವಕ್ಕೆ ಅಪಾಯ’ ಎಂದು ಅಲ್ಲಿನ ಸಿಬ್ಬಂದಿ ಹೇಳಿದ್ದೇ ತಡ, ಮಗ ಅಡಿಕೆ ಮಾರಿಟ್ಟಿದ್ದ ಹಣ ತಂದು ಕಟ್ಟಿದ. ಪೂರ್ತಿ ಮುಚ್ಚಿದ್ದರೂ ಅಪ್ಪ ಇಷ್ಟು ದಿನ ಬದುಕಿದ್ದು ಹೇಗೆ ಎಂದು ಆ ಗಾಬರಿಯಲ್ಲಿ ಯಾರೂ ಕೇಳಲಿಲ್ಲ.

ಬೇರೊಬ್ಬ ವೈದ್ಯರು ಆಮೇಲೆ ಬಿಡಿಸಿ ಹೇಳಿದರು. ನಾಳ ನಿಧಾನವಾಗಿ ಮುಚ್ಚಿಕೊಂಡರೆ ಅಕ್ಕಪಕ್ಕದ ನಾಳಗಳ ಸಣ್ಣ ಕವಲುಗಳೇ ಹಿಗ್ಗಿ ಆ ಭಾಗಕ್ಕೆ ರಕ್ತ ಒಯ್ಯುತ್ತವೆ. ಕುಳಿತವನಿಗೆ ಅದು ಸಾಕು, ನಡೆಯುವವನಿಗೆ ಸಾಲದು. ಬಸಿ ನೀರಿನಲ್ಲಿ ಬೆಳೆ ಉಳಿಸಿಕೊಳ್ಳುವ ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಮೂರು ತಿಂಗಳಿಗೂ ಮೀರಿ ಪೂರ್ತಿ ಮುಚ್ಚಿರುವ ನಾಳವನ್ನು (ವೈದ್ಯರ ಮಾತಿನಲ್ಲಿ ‘ಸಿಟಿಒ’) ತೆರೆಯುವುದು ಸಾಮಾನ್ಯವಾಗಿ ತುರ್ತಿನ ಕೆಲಸವಲ್ಲ. ಹೃದಯಾಘಾತ ಆಗುತ್ತಿರುವವರ ಮಾತೇ ಬೇರೆ. ಅವರಿಗೆ ಒಂದೊಂದು ನಿಮಿಷವೂ ಲೆಕ್ಕ, ಅವರು ನನ್ನ ಪತ್ರ ಓದುತ್ತ ಕೂರಬಾರದು.

2018ರಲ್ಲಿ ಪ್ರಕಟವಾದ ಯುರೋ-ಸಿಟಿಒ ಅಧ್ಯಯನದ 396 ರೋಗಿಗಳಲ್ಲಿ, ಬರೀ ಮಾತ್ರೆ ನುಂಗಿದವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ವರ್ಷದ ಬಳಿಕ ಎದೆನೋವು ಕಡಿಮೆಯಿತ್ತು. ಭಾರತದ ರೋಗಿಗಳೂ ಇದ್ದ 2019ರ ಡಿಸಿಷನ್-ಸಿಟಿಒ ಅಧ್ಯಯನದಲ್ಲಿ ಸಾವು, ಹೃದಯಾಘಾತಗಳ ಮಟ್ಟಿಗೆ ಸ್ಟೆಂಟಿನ ಗುಂಪಿಗೂ ಮಾತ್ರೆಯ ಗುಂಪಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು, ಮಾತ್ರೆಯ ಗುಂಪಿನ ಹಲವರು ನಡುವೆಯೇ ಸ್ಟೆಂಟ್ ಹಾಕಿಸಿಕೊಂಡರು ಎಂಬ ಆಕ್ಷೇಪಗಳಿವೆ, ಒಪ್ಪುತ್ತೇನೆ. ಆದರೂ ಹಾಕಿಸದಿದ್ದರೆ ಜೀವಕ್ಕೆ ಅಪಾಯ ಎಂದು ಹೆದರಿಸಿ ಹಣ ಕಟ್ಟಿಸಿಕೊಳ್ಳುವಷ್ಟು ಆಧಾರ ಅಲ್ಲಿಲ್ಲ.

ನನಗೆ ಸ್ಟೆಂಟಿನ ಮೇಲೆ ಸಿಟ್ಟಿಲ್ಲ. ಈಗ ಎಲ್ಲೂ ಕೂರದೆ ಏರಿಯ ಮೇಲೆ ನಡೆದು ಬರುತ್ತೇನೆ. ವಿಷಯ ತಿಳಿಸಿ ಕೇಳಿದ್ದರೂ, ಒಂದು ವಾರ ಯೋಚಿಸಿ, ಬಹುಶಃ ಹೂಂ ಎನ್ನುತ್ತಿದ್ದೆ. ಅಂದು ನನ್ನ ಮುಂದಿಟ್ಟ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ನಾನು ಓದದೆಯೇ ಸಹಿ ಹಾಕಿದೆ. ಈ ಸ್ಟೆಂಟ್ ಜೀವ ಉಳಿಸಲೋ, ನೋವು ತಗ್ಗಿಸಲೋ ಎಂಬುದನ್ನು ಆ ಕಾಗದದ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯುವಂತೆ ಆರೋಗ್ಯ ಇಲಾಖೆ ಆದೇಶಿಸಲಿ.

– ನಿವೃತ್ತ ಕನ್ನಡ ಶಿಕ್ಷಕ, ದಾವಣಗೆರೆ