ಬೀಗ ಹಾಕಿದ ಊರುಗಳು: ಪುತ್ರೆಯಿಂದ ಅಪ್ಪನಿಗೆ

ಪುತ್ರೆ, ಉತ್ತರ ಚಿಲಿ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ.

ನಕ್ಷೆಯಲ್ಲಿ ಇಷ್ಟೊಂದು ಊರುಗಳಿವೆ, ಜನ ಎಲ್ಲಿ ಎಂದು ಕೇಳಿದ್ದಿರಿ. ಪುತ್ರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ. ಆದರೆ ವಿಸ್ತೀರ್ಣ ಸುಮಾರು 5,900 ಚದರ ಕಿಲೋಮೀಟರ್, ಕೊಡಗು ಜಿಲ್ಲೆಗಿಂತ ದೊಡ್ಡದು. 2017ರ ಜನಗಣತಿಯಲ್ಲಿ ಸಿಕ್ಕವರು 2,765 ಮಂದಿ. ಇದರ ಉತ್ತರಕ್ಕೆ, ಪೆರು, ಬೊಲಿವಿಯಾ ಗಡಿಗೆ ತಾಗಿದ ಹೆನೆರಾಲ್ ಲಾಗೋಸ್ ಎಂಬ ಇಂಥದೇ ಘಟಕದಲ್ಲಿ ಇನ್ನೂ ಕಡಿಮೆ, 684.

ಬೆಟ್ಟದಲ್ಲಿ ಎರಡು ಅಂತಸ್ತು ಎಂದುಕೊಳ್ಳಿ. ಮೂರರಿಂದ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಪುತ್ರೆ, ಸೊಕೊರೊಮಾ, ಬೆಲೆನ್. ಇಳಿಜಾರಿನಲ್ಲಿ ಕಲ್ಲು ಕಟ್ಟಿದ ಮೆಟ್ಟಿಲು ಗದ್ದೆ, ಕಾಲುವೆ ನೀರು, ಓರೆಗಾನೋ ಸೊಪ್ಪು, ಕುದುರೆ ಮೆಂತೆ. ನಾಲ್ಕು ಸಾವಿರ ದಾಟಿದರೆ ಹಿಮಗಟ್ಟುವ ರಾತ್ರಿಗಳಲ್ಲಿ ಬೆಳೆ ಉಳಿಯುವುದಿಲ್ಲ. ಅಲ್ಲಿ ಈ ಬೆಟ್ಟಗಳ ಮೂಲನಿವಾಸಿಗಳಾದ ಐಮಾರಾ ಜನರಿಗೆ ಲಾಮಾ, ಅಲ್ಪಾಕಾ ಮೇಯಿಸುವುದೇ ಬದುಕು.

ಮೇಲಿನ ಪರಿನಾಕೋಟಾದಲ್ಲಿ ಸುಣ್ಣ ಬಳಿದ ಹಳೇ ಚರ್ಚು, ಸುತ್ತ ಮನೆಗಳು, ಬಹುಪಾಲಿಗೆ ಬೀಗ. ಪ್ರವಾಸಿಗರು ಪಾಳೂರು ಎಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮನೆಯವರು ಒಂದೋ ದೂರದ ಎಸ್ತಾನ್ಸಿಯಾದಲ್ಲಿರುತ್ತಾರೆ, ಅಂದರೆ ಹುಲ್ಲುಗಾವಲ ಪಕ್ಕದ ಒಂದೆರಡು ಕೋಣೆ, ಒಂದು ಕಲ್ಲಿನ ದೊಡ್ಡಿ. ಇಲ್ಲವೇ ಮಕ್ಕಳ ಓದಿಗೆ, ಕೂಲಿಗೆ ಕೆಳಗೆ ಸಮುದ್ರದಂಡೆಯ ಅರಿಕಾದಲ್ಲಿ. ಊರ ಹಬ್ಬಕ್ಕೆ ಬೀಗ ತೆಗೆಯುತ್ತಾರೆ. ಹೀಗಾಗಿ ಜನಗಣತಿಯ ಅಂಕಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಎಸ್ತಾನ್ಸಿಯಾ ಎಲ್ಲಿರಬೇಕೆಂದು ತೀರ್ಮಾನಿಸುವುದು ಬೊಫೆದಾಲ್ ಎಂಬ ಜೌಗು. ನೆಲಕ್ಕಂಟಿ ಒತ್ತೊತ್ತಾಗಿ ಬೆಳೆದ ಹಸಿರು ಗುಪ್ಪೆಗಳು, ನಡುವೆ ನೀರು. ಲಾಮಾ ಗುಡ್ಡದ ಒಣಹುಲ್ಲಲ್ಲೂ ಹೊಟ್ಟೆ ಹೊರೆಯುತ್ತದೆ, ಅಲ್ಪಾಕಾಕ್ಕೆ ಈ ಹಸಿ ಮೇವೇ ಬೇಕು. ಈ ಹಸಿರು ತಾನಾಗಿ ಉಳಿಯುವಂಥದ್ದಲ್ಲ. ಕಿರುಗಾಲುವೆ ತೋಡಿ, ಹುಲ್ಲುಬೇರಿನ ಹೆಂಟೆ ಕಿತ್ತು ಕಾಲುವೆಯ ಬಾಯಿಗೆ ಅಡ್ಡವಿಟ್ಟು, ನೀರನ್ನು ಇಡೀ ಬಯಲಿಗೆ ತೆಳುವಾಗಿ ಹರಡುತ್ತಾರೆ. ನೋಡುವವರಿಲ್ಲದಿದ್ದರೆ ನೀರು ಒಂದೇ ಜಾಡು ಹಿಡಿದು ಕೊರೆಯುತ್ತದೆ. ಇಕ್ಕೆಲ ಒಣಗಿ, ಉಪ್ಪು ಮೇಲೆದ್ದು, ಗುಪ್ಪೆ ಕಂದಾಗಿ ಪುಡಿಯಾಗುತ್ತದೆ. ಆಮೇಲೆ ನೀರು ಬಿಟ್ಟರೂ ಚಿಗುರುವುದು ನಿಧಾನ. ಹರೆಯದವರು ಅರಿಕಾಕ್ಕೆ ಇಳಿದಂತೆ ಮೇವಿನ ನೆಲವೂ ಕುಗ್ಗುವುದು ಹೀಗೆ.

ಕೆಳಗಿನವರಿಗೂ ಈ ನೀರೇ ಬೇಕು. ಅರಿಕಾದಲ್ಲಿ ವರ್ಷವಿಡೀ ಒಂದು ಮಿಲಿಮೀಟರ್ ಮಳೆಯೂ ಕಷ್ಟ. ಲೌಕಾ ನದಿ ಇಲ್ಲಿ ಹುಟ್ಟಿ ಬೊಲಿವಿಯಾಕ್ಕೆ ಹರಿಯುತ್ತದೆ. ಚಿಲಿ ಅದರ ನೀರನ್ನು ಕಾಲುವೆಯಲ್ಲಿ ಅರಿಕಾ ಪಕ್ಕದ ಅಸಾಪಾ ಕಣಿವೆಯ ಬೇಸಾಯಕ್ಕೆ ತಿರುಗಿಸಿದ್ದಕ್ಕೆ 1962ರ ಏಪ್ರಿಲ್‌ನಲ್ಲಿ ಬೊಲಿವಿಯಾ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಕಾವೇರಿ ಜಗಳ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮ್ಮನಿಗೆ ಹೇಳಿ: ಚುಂಗಾರಾ ಸರೋವರದ ಎತ್ತರದಲ್ಲಿ, 4,500 ಮೀಟರಿನಲ್ಲಿ, ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ.

ನೀವು ಬರುವುದಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಡ. ಇಲ್ಲಿಗೆ ಅದೇ ಮಳೆಗಾಲ, ಮಣ್ಣು ಕುಸಿದು ರಸ್ತೆ ಮುಚ್ಚುತ್ತದೆ. ಅರಿಕಾದಿಂದ ಪುತ್ರೆ ನೂರೈವತ್ತು ಕಿಲೋಮೀಟರಿನೊಳಗೆ, ಏರುವುದು ಮಾತ್ರ ಮೂರೂವರೆ ಸಾವಿರ ಮೀಟರ್. ಅರಿಕಾದಲ್ಲೇ ಟ್ಯಾಂಕ್ ತುಂಬಿಸಬೇಕು. ದಾರಿಯುದ್ದಕ್ಕೂ ಬಂದರಿಗೆ ಇಳಿಯುವ ಬೊಲಿವಿಯಾದ ಲಾರಿಗಳು, ತಿರುವಿನಲ್ಲಿ ಅವಸರ ಕೂಡದು. ಪುತ್ರೆಯಲ್ಲಿ ಎರಡು ರಾತ್ರಿ ತಂಗಿದ ಮೇಲೆಯೇ ಸರೋವರ. ಅಲ್ಲಿ ತಲೆನೋವು, ವಾಂತಿ ಶುರುವಾದರೆ ಕೆಳಗಿಳಿಯುವುದೇ ಮದ್ದು. ಟಿಕೆಟ್ ಮಾಡಿಸುವ ಮುಂಚೆ ನಿಮ್ಮ ಬಿಪಿ ಮಾತ್ರೆಯ ವಿಷಯ ಡಾಕ್ಟರನ್ನು ಕೇಳಿ ಬರೆಯಿರಿ.

ಇಂತಿ ನಿಮ್ಮ ಮಗಳು