ಹುಟ್ಟಲಿರುವ ಕೂಸಿನ ಚರ್ಮದ ಬಗ್ಗೆ, ಮಗಳಿಗೊಂದು ಪತ್ರ

ಪುಟ್ಟೀ,

‘ನನ್ನ ಇಸುಬು ಮಗುವಿಗೂ ಬರುತ್ತದಾ?’ ಎಂದು ಕೇಳಿದೆಯಲ್ಲ. ಬರಬಹುದು, ಬರದೆಯೂ ಇರಬಹುದು. ನಿನ್ನದು ಇಸುಬು, ಅಳಿಯಂದಿರದು ಉಬ್ಬಸ. ಎರಡೂ ಒಂದೇ ಬಳ್ಳಿಯ ಕಾಯಿಗಳು. ಧೂಳಿಗೆ ಸೀನುವುದೂ ಅದೇ ಬಳ್ಳಿಯದು. ಮನೆತನದಲ್ಲಿ ಇಳಿದು ಬರುವುದು ಅಲರ್ಜಿಯ ಒಲವು ಮಾತ್ರ. ಅದು ಯಾರಲ್ಲಿ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೋ ಮೊದಲೇ ಹೇಳಲಾಗದು. ಅಪ್ಪ ಅಮ್ಮ ಇಬ್ಬರಲ್ಲೂ ಇದ್ದರೆ ಸಾಧ್ಯತೆ ಹೆಚ್ಚು.

ಚರ್ಮದ ಮೇಲ್ಪದರವನ್ನು ಒತ್ತಾಗಿ ಕೂರಿಸಿ, ಅದರ ತೇವ ಆರದಂತೆ ಕಾಯುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನ್ ಕೆಟ್ಟಿದ್ದರೆ ಇಸುಬಿನ ಅಪಾಯ ಏರುತ್ತದೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ ತೋರಿಸಿತು. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಸಾಕು, ಅದು ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ. ಅಂಗೈಯಲ್ಲಿ ಗೆರೆಗಳು ಅತಿಯಾಗಿ ದಟ್ಟವಾಗಿದ್ದರೆ ಅದೊಂದು ಸುಳಿವು. ಆದರೂ ಜೀನ್ ಪರೀಕ್ಷೆಯ ಹಿಂದೆ ಓಡಬೇಡ. ಕೆಟ್ಟ ಪ್ರತಿ ಇದ್ದವರಿಗೆಲ್ಲ ಇಸುಬು ಬರುವುದಿಲ್ಲ, ಇಸುಬು ಇರುವ ಅನೇಕರಲ್ಲಿ ಈ ಜೀನ್ ಸರಿಯಾಗಿಯೇ ಇರುತ್ತದೆ.

ಬಿರುಕುಬಿಟ್ಟ ಚರ್ಮದ ಮೂಲಕ ಆಹಾರದ ಕಣಗಳು ಒಳಹೊಕ್ಕರೆ ದೇಹ ಅವನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಆದ್ದರಿಂದ ಕೂಸಿಗೆ ಕಡಲೆಹಿಟ್ಟು ಹಚ್ಚಿ ಉಜ್ಜುವುದು, ಸಾಸಿವೆ ಎಣ್ಣೆ, ಕಡಲೆಕಾಯಿ ಎಣ್ಣೆ ಯಾವುದೂ ಬೇಡ. ಹೊಗೆಯಾಡುವ ಬಿಸಿನೀರೂ, ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆಯೂ ಬೇಡ. ಹಿರಿಯರು ಒತ್ತಾಯಿಸಿದರೆ ನನ್ನ ಹೆಸರು ಹೇಳು, ನಾನು ಮಾತಾಡುತ್ತೇನೆ.

ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸ್ನಾನ ಸಾಕು. ಮೈ ಉಜ್ಜದೆ ಟವೆಲಿನಿಂದ ಒತ್ತಿ, ಇನ್ನೂ ಹಸಿ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚು. ಮೈ ಒಣಗಿದ ಕೂಸಿಗೆ ವಾರಕ್ಕೆ 100 ಗ್ರಾಂ ಆದರೂ ಬೇಕು. ಸಣ್ಣ ಟ್ಯೂಬು ತಿಂಗಳಿಡೀ ಬಂದರೆ ನೀನು ಹಚ್ಚುತ್ತಿರುವುದು ಸಾಲದು ಎಂದರ್ಥ. ಹುಟ್ಟಿದಂದಿನಿಂದ ದಿನವೂ ಹಚ್ಚಿದರೆ ಇಸುಬನ್ನೇ ತಡೆಯಬಹುದೇ ಎಂದು ಬ್ರಿಟನ್ನಿನಲ್ಲಿ ದೊಡ್ಡ ಪ್ರಯೋಗ ನಡೆಯಿತು. ತಡೆಯಲಿಲ್ಲ ಎಂಬ ಫಲಿತಾಂಶ 2020ರಲ್ಲಿ ಬಂತು. ಆದ್ದರಿಂದ ಇಸುಬು ಕಂಡರೆ ನೀನೇ ತಪ್ಪು ಮಾಡಿದೆ ಅಂದುಕೊಳ್ಳಬೇಡ.

ಮೊದಲು ಕೆನ್ನೆ, ಆಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ ಕೆಂಪಾಗುತ್ತವೆ. ವೈದ್ಯರು ಬರೆದ ಸ್ಟಿರಾಯ್ಡ್ ಮುಲಾಮಿಗೆ ಹೆದರಿ ಎರಡೇ ದಿನಕ್ಕೆ ಬಿಟ್ಟರೆ ಉರಿ ಮರಳುತ್ತದೆ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಮೆಡಿಕಲ್ ಶಾಪಿನವರು ತಾವೇ ಕೊಡುವ, ಸ್ಟಿರಾಯ್ಡ್ ಜೊತೆ ಫಂಗಸ್ ಮದ್ದು ಬೆರೆಸಿದ ಕ್ರೀಮನ್ನು ಮಾತ್ರ ಮುಟ್ಟಬೇಡ. ಹಳದಿ ಹಕ್ಕಳೆ, ಕೀವು, ಜ್ವರ ಕಂಡರೆ ಅದು ಸೋಂಕು. ಅದೇ ದಿನ ಆಸ್ಪತ್ರೆಗೆ ಹೋಗು.

ಬಸಿರಿನಲ್ಲಿ ಹಾಲು, ಮೊಟ್ಟೆ, ಶೇಂಗಾ ಬಿಟ್ಟರೆ ಮಗುವಿಗೆ ಅಲರ್ಜಿ ತಪ್ಪುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡ, ಅದರಿಂದ ತಪ್ಪುವುದಿಲ್ಲ. ಹೊಟ್ಟೆ ತುಂಬ ಊಟ ಮಾಡು.

ನಿನ್ನ
ಅಮ್ಮ